ಫೋರ್ಸ್ ಪುಶ್ ಮಾಡಿದ ಮೇಲೆ ಕೈ ನಡುಗುತ್ತದೆ: ಗಿಟ್ ನನಗೆ ನಿಜವಾಗಿ ಗೊತ್ತಿದೆಯೇ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಪಿಎಂಸಿಯ ಅಡತ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಒಟ್ಟು ನಾಲ್ಕು ಜನ ಇದ್ದೇವೆ. ಕೋಡ್‌ನ ಇತಿಹಾಸ ಇಟ್ಟು ಎಲ್ಲರ ಕೆಲಸ ಕೂಡಿಸುವ ಗಿಟ್‌ನಲ್ಲಿ ನನಗೆ ಆಡ್ (ಫೈಲನ್ನು ಕಮಿಟ್‌ಗೆ ಸಿದ್ಧ ಮಾಡುವುದು), ಕಮಿಟ್ (ಕೆಲಸವನ್ನು ದಾಖಲಿಸುವುದು), ಪುಲ್ (ಸರ್ವರ್‌ನಿಂದ ತರುವುದು), ಪುಶ್ (ಸರ್ವರ್‌ಗೆ ಕಳಿಸುವುದು) ಇಷ್ಟೇ ಗೊತ್ತು. ಏನಾದರೂ ಎಡವಟ್ಟಾದರೆ ಫೋಲ್ಡರನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಸರ್ವರ್‌ನಿಂದ ಹೊಸ ಪ್ರತಿ ಇಳಿಸಿ, ಅಂದರೆ ಕ್ಲೋನ್ ಮಾಡಿ, ನನ್ನ ಫೈಲುಗಳನ್ನು ಅದರ ಮೇಲೆ ಪೇಸ್ಟ್ ಮಾಡುತ್ತೇನೆ. ಮೂರು ವಾರದ ಹಿಂದೆ ಶುಕ್ರವಾರ ಸಂಜೆ ಪುಲ್ ಮಾಡಿದಾಗ ಕಾನ್‌ಫ್ಲಿಕ್ಟ್ ಬಂತು, ನನ್ನ ಮತ್ತು ಬೇರೆಯವರ ಬದಲಾವಣೆ ಹೊಂದಲಿಲ್ಲ. ಗಾಬರಿಯಾಗಿ ಅಬಾರ್ಟ್ ಮಾಡಿದೆ. ಪುಶ್ ಮಾಡಿದರೆ ರಿಜೆಕ್ಟೆಡ್ ಅಂತ ಬಂತು. ನೆಟ್‌ನಲ್ಲಿ ಹುಡುಕಿದಾಗ ಫೋರ್ಸ್ ಹಾಕಿ ಅಂತ ಬರೆದಿತ್ತು, ಹಾಕಿದೆ. ಸೋಮವಾರ ನೋಡಿದರೆ ಧಾರವಾಡದಿಂದ ಬರುವ ನನ್ನ ಸಹೋದ್ಯೋಗಿಯ ಎರಡು ದಿನದ ಕೆಲಸ ಸರ್ವರ್‌ನಲ್ಲಿ ಇರಲಿಲ್ಲ. ಪುಣ್ಯಕ್ಕೆ ಅವರ ಲ್ಯಾಪ್‌ಟಾಪ್‌ನಲ್ಲಿ ಇತ್ತು. ಯಾರೂ ಬೈಯಲಿಲ್ಲ. ಆದರೆ ಅಂದಿನಿಂದ ಪುಶ್ ಮಾಡುವಾಗ ಕೈ ನಡುಗುತ್ತದೆ. ಈಗ ನಮ್ಮ ಲೀಡ್ 'ಇನ್ನು ಮುಂದೆ ನಾನೊಬ್ಬನೇ ಪುಶ್ ಮಾಡ್ತೀನಿ' ಅಂತಿದ್ದಾರೆ. ಉಳಿದವರಿಗೆಲ್ಲ ಗಿಟ್ ಚೆನ್ನಾಗಿ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲವೇ? ಫೋರ್ಸ್ ಮಾಡಿದ್ದು ನಿಜವಾಗಿ ಅಳಿಸಿ ಹೋಗುತ್ತದೆಯೇ? ಕಮಾಂಡ್ ಬಿಟ್ಟು ಬಟನ್ ಒತ್ತುವ ಟೂಲ್ ಬಳಸಿದರೆ ತಪ್ಪೇ? ಎಷ್ಟು ಕಲಿತರೆ ಸಾಕು? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ಅವುಗಳ ಕೆಳಗೆ ಇನ್ನೊಂದು ಇದೆ, ಅದನ್ನು ನೀವು ಬಾಯಿಬಿಟ್ಟು ಕೇಳಿಲ್ಲ. ಮೂರೂವರೆ ವರ್ಷ ದಿನಾ ಬಳಸುವ ಸಾಧನವೇ ಗೊತ್ತಿಲ್ಲ ಅಂದರೆ ನಾನು ಪ್ರೋಗ್ರಾಮರ್ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಅದು. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಹೌದು, ನೀವು ಪ್ರೋಗ್ರಾಮರ್. ಮತ್ತು ಈ ವಿಷಯದಲ್ಲಿ ನೀವು ಒಬ್ಬರೇ ಅಲ್ಲ.

ನಾನು ಹಲವು ವರ್ಷ ಬೆಂಗಳೂರಿನಲ್ಲಿ, ಆಮೇಲೆ ಇಲ್ಲೇ ಹುಬ್ಬಳ್ಳಿಯಲ್ಲಿ ಹುಡುಗರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಹಾಳೆಯ ಮೇಲೆ ಮೂರು ಗುಂಡು ಬರೆದು ಗೆರೆ ಎಳೆದು ಕೊಡುತ್ತೇನೆ. ಇವು ಮೂರು ಕಮಿಟ್. ಇದರಲ್ಲಿ ಬ್ರಾಂಚ್ ಎಲ್ಲಿದೆ, ತೋರಿಸಿ. ಐದಾರು ವರ್ಷ ಕೆಲಸ ಮಾಡಿದವರೂ ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ. ಕೆಲವರು ಮೂರೂ ಗುಂಡಿನ ಸುತ್ತ ದೊಡ್ಡ ವೃತ್ತ ಎಳೆಯುತ್ತಾರೆ. ಕೆಲವರು ಗೆರೆಯನ್ನೇ ತೋರಿಸುತ್ತಾರೆ. ಇವರೆಲ್ಲ ಒಳ್ಳೆಯ ಕೋಡ್ ಬರೆಯುವವರೇ. ದಿನಾ ಗಿಟ್ ಬಳಸುವವರೇ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದಲ್ಲಿ ಅತಿ ಹೆಚ್ಚು ಮತ ಬಿದ್ದ ಪ್ರಶ್ನೆಗಳ ಸಾಲಿನಲ್ಲಿ 'ಈಗ ತಾನೇ ಮಾಡಿದ ಕಮಿಟ್ ಹಿಂದಕ್ಕೆ ತೆಗೆಯೋದು ಹೇಗೆ' ಅನ್ನುವುದೂ ಒಂದು. 2009ರಲ್ಲಿ ಕೇಳಿದ ಪ್ರಶ್ನೆ ಅದು. ಇವತ್ತಿಗೂ ಜನ ಅಲ್ಲಿಗೆ ಹೋಗಿ ಓದುತ್ತಾರೆ. ಎಲ್ಲರಿಗೂ ಗೊತ್ತಿದ್ದರೆ ಅಷ್ಟು ಮತ ಯಾಕೆ ಬೀಳುತ್ತಿತ್ತು, ಅಲ್ವಾ?

ಹೀಗಾಗಲು ಕಾರಣ ಇದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳು, ಅಂದರೆ ಕರ್ನಲ್, ಬರೆಯುವ ತಂಡ 2002ರಿಂದ ಇಂಥದೇ ಕೆಲಸದ ಬಿಟ್‌ಕೀಪರ್ ಎಂಬ ಸಾಧನ ಬಳಸುತ್ತಿತ್ತು. 2005ರಲ್ಲಿ ಅದನ್ನು ಪುಕ್ಕಟೆಯಾಗಿ ಬಳಸುವ ಅವಕಾಶ ನಿಂತುಹೋಯಿತು. ಆಗ ಲಿನಕ್ಸ್ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಏಪ್ರಿಲ್ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಗಿಟ್ ಬರೆದರು. ಸಾವಿರಾರು ಜನ ಊರೂರಿನಿಂದ ಕಳಿಸುವ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ವೇಗವಾಗಿ ಕೂಡಿಸಬೇಕಿತ್ತು, ಅದೇ ಗುರಿ. ಅಡಿಪಾಯ ಬಹಳ ಗಟ್ಟಿಯಾಗಿ ಬಂತು. ಬಾಗಿಲು, ಮೆಟ್ಟಿಲು ಮಾತ್ರ ಆಮೇಲೆ ಒಬ್ಬೊಬ್ಬರು ಒಂದೊಂದು ಜೋಡಿಸಿದ್ದು. ಅದೇ ವರ್ಷ ಜುಲೈನಿಂದ ಜೂನಿಯೊ ಹಮಾನೊ ಅದನ್ನು ನೋಡಿಕೊಳ್ಳುತ್ತಾ ಬಂದರು. ಕಮಾಂಡ್‌ಗಳ ಹೆಸರುಗಳ ಗೋಜಲು ಹಾಗೇ ಉಳಿಯಿತು. ಚೆಕ್‌ಔಟ್ ನೋಡಿ. ಬ್ರಾಂಚ್ ಬದಲಾಯಿಸುವುದೂ ಅದೇ, ಫೈಲಿನಲ್ಲಿ ನೀವು ಮಾಡಿದ ಬದಲಾವಣೆ ಎಸೆದುಬಿಡುವುದೂ ಅದೇ. ಒಂದು ಪೂರ್ತಿ ನಿರಪಾಯ, ಇನ್ನೊಂದು ದಿನದ ಕೆಲಸ ತಿನ್ನುವಂಥದ್ದು. 2019ರ ಆಗಸ್ಟ್‌ನಲ್ಲಿ ಬಂದ 2.23 ಆವೃತ್ತಿಯಲ್ಲಿ ಅದನ್ನು ಒಡೆದು ಸ್ವಿಚ್ ಮತ್ತು ರಿಸ್ಟೋರ್ ಅಂತ ಎರಡು ಮಾಡಿದರು. ಎಂಐಟಿಯ ಇಬ್ಬರು ಸಂಶೋಧಕರು 2013ರಲ್ಲಿ ಗಿಟ್‌ನ ವಿನ್ಯಾಸ ಜನರನ್ನು ಎಲ್ಲೆಲ್ಲಿ ತಪ್ಪುದಾರಿಗೆ ಎಳೆಯುತ್ತದೆ ಅಂತ ಬಿಡಿಸಿ ಬರೆದರು. ಗಿಟ್‌ಲೆಸ್ ಎಂಬ ಸರಳ ರೂಪವನ್ನೂ ಮಾಡಿ ತೋರಿಸಿದರು. ಅಂದರೆ ನಿಮಗಾದ ಗೊಂದಲದಲ್ಲಿ ಸಾಧನದ ಪಾಲೂ ಇದೆ.

ಕಾಲೇಜಿನ ಪಾಲೂ ಇದೆ. ಈಗ ವಿಟಿಯು 2022ರ ಸ್ಕೀಮಿನಲ್ಲಿ 'ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್' ಎಂಬ ವಿಷಯ ಬಂದಿದೆ. ಬಹಳ ಒಳ್ಳೆಯ ಕೆಲಸ. ಆದರೆ ಒಬ್ಬರೇ ಒಂದು ಕಂಪ್ಯೂಟರ್ ಮುಂದೆ ಕೂತು ಕಮಾಂಡ್ ಹೊಡೆದರೆ ಗಿಟ್ ಯಾಕೆ ಬೇಕು ಅನ್ನುವುದೇ ತಿಳಿಯುವುದಿಲ್ಲ. ಎರಡನೆಯವರು ಬಂದಾಗಲೇ ಅದರ ನಿಜವಾದ ಪಾಠ ಶುರು.

ಈಗ ಆ ಶುಕ್ರವಾರಕ್ಕೆ ಬರೋಣ. ಅವತ್ತು ಏನಾಯಿತು ಅನ್ನುವುದು ಅರ್ಥವಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಮೊದಲು ಕಮಿಟ್ ಅಂದರೇನು ನೋಡಿ. ಬಹಳ ಜನ ಕಮಿಟ್ ಅಂದರೆ 'ನಾನು ಬದಲಿಸಿದ ಸಾಲುಗಳು' ಅಂದುಕೊಂಡಿದ್ದಾರೆ. ಗಿಟ್ ಒಂದೊಂದು ಕಮಿಟ್‌ನಲ್ಲೂ ಇಡೀ ಪ್ರಾಜೆಕ್ಟ್ ಆ ಕ್ಷಣ ಹೇಗಿತ್ತೋ ಹಾಗೇ ಫೋಟೋ ತೆಗೆದಂತೆ ಇಡುತ್ತದೆ. ಬದಲಾಗದ ಫೈಲನ್ನು ಮತ್ತೆ ಬರೆಯುವುದಿಲ್ಲ, ಹಳೆಯದನ್ನೇ ಬೆರಳು ಮಾಡಿ ತೋರಿಸುತ್ತದೆ. ಜೊತೆಗೆ ಯಾರು ಮಾಡಿದರು, ಯಾವಾಗ, ಇದರ ಹಿಂದಿನ ಕಮಿಟ್ ಯಾವುದು ಅನ್ನುವ ವಿವರ. ಇದಿಷ್ಟನ್ನೂ ಲೆಕ್ಕ ಹಾಕಿ 40 ಅಕ್ಷರದ ಒಂದು ಗುರುತು ಕೊಡುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಹಾಗಾಗಿ ಒಮ್ಮೆ ಆದ ಕಮಿಟ್ಟನ್ನು ಯಾರೂ ತಿದ್ದಲಾರರು. ಕೊನೆಯ ಕಮಿಟ್ ತಿದ್ದುವ ಅಮೆಂಡ್ ಮಾಡಿದರೂ ಹೊಸ ಕಮಿಟ್ ಹುಟ್ಟುತ್ತದೆಯೇ ಹೊರತು ಹಳೆಯದು ಬದಲಾಗುವುದಿಲ್ಲ.

ಬ್ರಾಂಚ್ ಅಂದರೆ ಒಂದು ಚೀಟಿ, ಅಷ್ಟೇ. ನಿಜವಾಗಿ ಅಷ್ಟೇ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಡಾಟ್ ಗಿಟ್ ಎಂಬ ಫೋಲ್ಡರ್ ಅಡಗಿರುತ್ತದೆ. ಅದರೊಳಗೆ ರೆಫ್ಸ್, ಅದರೊಳಗೆ ಹೆಡ್ಸ್, ಅಲ್ಲಿ ಮೇನ್ ಎಂಬ ಫೈಲ್ ತೆರೆಯಿರಿ. ಒಂದೇ ಸಾಲು ಇರುತ್ತದೆ, ಆ 40 ಅಕ್ಷರ. ಸಾಲಿನ ಕೊನೆಯ ಗುರುತು ಸೇರಿ 41 ಬೈಟ್. ನೀವು ಕಮಿಟ್ ಮಾಡಿದಾಗ ಆ ಚೀಟಿಯ ಮೇಲಿನ ಗುರುತು ಹೊಸ ಕಮಿಟ್‌ನದ್ದಾಗುತ್ತದೆ. ಸಂದರ್ಶನದ ಆ ಮೂರು ಗುಂಡಿನಲ್ಲಿ ಬ್ರಾಂಚ್ ಎಲ್ಲಿದೆ ಅಂದರೆ, ಕೊನೆಯ ಗುಂಡಿಗೆ ಅಂಟಿಸಿದ ಚೀಟಿ. ವೃತ್ತವೂ ಅಲ್ಲ, ಗೆರೆಯೂ ಅಲ್ಲ.

ಸರ್ವರ್‌ನಲ್ಲೂ ಮೇನ್ ಎಂಬ ಚೀಟಿ ಇದೆ. ಶುಕ್ರವಾರ ಸಂಜೆ ಅದು ನಿಮ್ಮ ಸಹೋದ್ಯೋಗಿಯ ಕೊನೆಯ ಕಮಿಟ್‌ಗೆ ಅಂಟಿತ್ತು. ನೀವು ಪುಶ್ ಮಾಡಿದಾಗ ಗಿಟ್ ನೋಡಿತು: ಈ ಹೊಸ ಕಮಿಟ್‌ನಿಂದ ಹಿಂದಕ್ಕೆ ಹೋದರೆ ಈಗ ಚೀಟಿ ಇರುವ ಕಮಿಟ್ ಸಿಗುವುದಿಲ್ಲವಲ್ಲ, ಚೀಟಿ ಸರಿಸಿದರೆ ಇವರ ಕೆಲಸ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಅದಕ್ಕೇ ರಿಜೆಕ್ಟೆಡ್ ಅಂದಿತು. ಅದು ಕಾವಲುಗಾರನ ಮಾತು. ಫೋರ್ಸ್ ಹಾಕಿದಾಗ ನೀವು 'ಪರವಾಗಿಲ್ಲ, ಸರಿಸು' ಅಂದಿರಿ. ಸರಿಸಿತು.

ಆದರೆ ಸಹೋದ್ಯೋಗಿಯ ಕಮಿಟ್ ಸುಟ್ಟು ಹೋಗಲಿಲ್ಲ. ಅದಕ್ಕೆ ಅಂಟಿದ್ದ ಚೀಟಿ ಹೋಯಿತು, ಅಷ್ಟೇ. ಅವರ ಲ್ಯಾಪ್‌ಟಾಪ್‌ನಲ್ಲಿ ಅವರ ಚೀಟಿ ಅದಕ್ಕೇ ಅಂಟಿಕೊಂಡಿತ್ತು, ಹಾಗಾಗಿ ಸಿಕ್ಕಿತು. ಪುಣ್ಯ ಅಂತ ಬರೆದಿದ್ದೀರಿ. ಪುಣ್ಯವಲ್ಲ, ಗಿಟ್ ಕಟ್ಟಿರುವುದೇ ಹಾಗೆ. ಪ್ರತಿಯೊಬ್ಬರ ಹತ್ತಿರವೂ ಇತಿಹಾಸದ ಪ್ರತಿ ಇರುತ್ತದೆ.

ಇನ್ನೊಂದು ವಿಷಯ ಕೇಳಿ. ಆ ಎರಡು ದಿನದ ಕೆಲಸ ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇತ್ತು. ಪುಲ್ ಅಂದರೆ ಎರಡು ಕೆಲಸ: ಮೊದಲು ಫೆಚ್, ಅಂದರೆ ಸರ್ವರ್‌ನಲ್ಲಿರುವುದನ್ನು ತರುವುದು, ಆಮೇಲೆ ಮರ್ಜ್, ಅಂದರೆ ನಿಮ್ಮದರ ಜೊತೆ ಕೂಡಿಸುವುದು. ಕಾನ್‌ಫ್ಲಿಕ್ಟ್ ಬಂದದ್ದು ಮರ್ಜ್‌ನಲ್ಲಿ. ಅಷ್ಟೊತ್ತಿಗೆ ಫೆಚ್ ಮುಗಿದಿತ್ತು, ಅಂದರೆ ಅವರ ಕಮಿಟ್‌ಗಳೆಲ್ಲ ನಿಮ್ಮ ಡಾಟ್ ಗಿಟ್ ಒಳಗೆ ಬಂದು ಕೂತಿದ್ದವು. ನೀವು ಅಬಾರ್ಟ್ ಮಾಡಿದ್ದು ಮರ್ಜನ್ನು ಮಾತ್ರ. ಸೋಮವಾರ ಅವರು ರಜೆ ಇದ್ದಿದ್ದರೂ, ಅವರ ಲ್ಯಾಪ್‌ಟಾಪ್ ಕೆಟ್ಟಿದ್ದರೂ, ನಿಮ್ಮ ಮೇಜಿನ ಮೇಲಿನಿಂದಲೇ ವಾಪಸ್ ತರಬಹುದಿತ್ತು.

ಹೇಗೆ ಅಂದರೆ ರೀಫ್‌ಲಾಗ್. ನಿಮ್ಮ ಕಂಪ್ಯೂಟರಿನಲ್ಲಿ ಯಾವ ಚೀಟಿ ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ದಿನಚರಿಯನ್ನು ಗಿಟ್ ತಾನೇ ಬರೆದಿಡುತ್ತದೆ. ಬೇರೆ ಏನೂ ಸೆಟ್ ಮಾಡದಿದ್ದರೆ 90 ದಿನ ಇಡುತ್ತದೆ. ಈಗಿನ ಚೀಟಿಯಿಂದ ಹಿಂದಕ್ಕೆ ಹೋದರೂ ಸಿಗದಂಥ ಕಮಿಟ್‌ಗಳದ್ದಾದರೆ 30 ದಿನ. ಈ ದಿನಚರಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಪುಶ್ ಮಾಡಿದರೂ ಹೋಗುವುದಿಲ್ಲ, ಕ್ಲೋನ್ ಮಾಡಿದರೂ ಬರುವುದಿಲ್ಲ.

ಹಾಗಾಗಿ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಫೋರ್ಸ್ ಪುಶ್ ಅಲ್ಲ. ಎಡವಟ್ಟಾದಾಗ ಫೋಲ್ಡರ್ ಬಿಟ್ಟು ಹೊಸದಾಗಿ ಕ್ಲೋನ್ ಮಾಡುವ ಅಭ್ಯಾಸ. ನೀವು ಅದನ್ನು ಸುರಕ್ಷತೆ ಅಂದುಕೊಂಡಿದ್ದೀರಿ. ಹಳೆಯ ಫೋಲ್ಡರ್ ಅಳಿಸಿದ ದಿನ ವಾಪಸ್ ಬರುವ ದಾರಿಯನ್ನೂ ಅಳಿಸಿದಂತೆ. ಅದಕ್ಕಿಂತ ದೊಡ್ಡ ಅಪಾಯ ಪೇಸ್ಟ್ ಮಾಡುವುದರಲ್ಲಿದೆ. ಹೊಸ ಕ್ಲೋನ್‌ನಲ್ಲಿ ಸಹೋದ್ಯೋಗಿ ನಿನ್ನೆ ತಿದ್ದಿದ ಫೈಲ್ ಇದೆ. ಅದರ ಮೇಲೆ ನಿಮ್ಮ ಮೊನ್ನೆಯ ಫೈಲ್ ಬಿತ್ತು. ಗಿಟ್‌ಗೆ ಇದು ನೀವು ಬೇಕೆಂದೇ ಮಾಡಿದ ತಿದ್ದುಪಡಿಯಂತೆ ಕಾಣುತ್ತದೆ. ಕಾನ್‌ಫ್ಲಿಕ್ಟ್ ಬರುವುದಿಲ್ಲ, ಪುಶ್ ರಿಜೆಕ್ಟ್ ಆಗುವುದಿಲ್ಲ, ಎಲ್ಲಾ ಹಸಿರು. ಅವರು ಸರಿಮಾಡಿದ್ದ ದೋಷ ಸದ್ದಿಲ್ಲದೆ ವಾಪಸ್ ಬಂದಿರುತ್ತದೆ. ಫೋರ್ಸ್ ಪುಶ್ ಆದರೆ ಸೋಮವಾರವೇ ಗೊತ್ತಾಗುತ್ತದೆ. ಇದು ತಿಂಗಳು ಬಿಟ್ಟು ಬ್ಯಾಡಗಿಯ ವ್ಯಾಪಾರಿಯೊಬ್ಬರು ಫೋನ್ ಮಾಡಿ 'ಹೋದ ತಿಂಗಳು ಸರಿ ಮಾಡಿದ್ರಲ್ರಿ, ಮತ್ತ ಹಂಗ ಬರಾಕ್ಹತ್ತೇತಿ' ಅಂದಾಗ ಗೊತ್ತಾಗುತ್ತದೆ. ಈ ಒಂದು ಅಭ್ಯಾಸವನ್ನು ಇವತ್ತೇ ಬಿಡಿ.

ಇದನ್ನು ಬಿಡಬೇಕಾದರೆ ಕಾನ್‌ಫ್ಲಿಕ್ಟ್‌ನ ಭಯ ಹೋಗಬೇಕು. ನಿಮ್ಮದೇ ಕೆಲಸದಿಂದ ಒಂದು ಉದಾಹರಣೆ ಊಹಿಸಿಕೊಳ್ಳೋಣ. ಬಿಲ್ಲಿನಲ್ಲಿ ಹಮಾಲಿ ಲೆಕ್ಕ ಹಾಕುವ ಒಂದು ಸಾಲು ಇದೆ: ಚೀಲದ ಸಂಖ್ಯೆ ಗುಣಿಸು 12. ನೀವು 12 ತೆಗೆದು 14 ಮಾಡಿದಿರಿ. ಅದೇ ಸಾಲಿನಲ್ಲಿ ಸಹೋದ್ಯೋಗಿ ಚೀಲದ ಸಂಖ್ಯೆಯನ್ನು ಮೇಲಕ್ಕೆ ದುಂಡುಮಾಡಿದರು, ಅರ್ಧ ಚೀಲ ಇದ್ದರೂ ಹಮಾಲರು ಪೂರ್ತಿ ಚೀಲದ ಕೂಲಿ ಕೇಳುತ್ತಾರೆ ಅಂತ. ಮರ್ಜ್ ಮಾಡುವಾಗ ಗಿಟ್ ಮೂರು ಪ್ರತಿ ಹಿಡಿದು ನೋಡುತ್ತದೆ: ನಿಮ್ಮದು, ಅವರದು, ಇಬ್ಬರೂ ಬೇರೆಯಾಗುವ ಮುಂಚಿನದು. ಒಬ್ಬರೇ ಮುಟ್ಟಿದ ಜಾಗ ಆದರೆ ಅದನ್ನೇ ತೆಗೆದುಕೊಳ್ಳುತ್ತದೆ, ಕೇಳುವುದೇ ಇಲ್ಲ. ಇಬ್ಬರೂ ಒಂದೇ ಜಾಗ ಬೇರೆ ಬೇರೆಯಾಗಿ ಮುಟ್ಟಿದ್ದರೆ ನಿಮ್ಮ ಕಡೆ ತಿರುಗುತ್ತದೆ. ಫೈಲ್ ಒಳಗೆ ನಿಮ್ಮ ಸಾಲು, ನಡುವೆ ಸಮ ಚಿಹ್ನೆಗಳ ಗೆರೆ, ಕೆಳಗೆ ಅವರ ಸಾಲು ಬರೆದು ಕಾಯುತ್ತದೆ.

ಇಲ್ಲಿ ನಿಮ್ಮದು ಇಟ್ಟರೆ ಅರ್ಧ ಚೀಲದ ಲೆಕ್ಕ ತಪ್ಪುತ್ತದೆ. ಅವರದು ಇಟ್ಟರೆ ದರ ತಪ್ಪುತ್ತದೆ. ಸರಿಯಾದ ಸಾಲು ಎರಡರಲ್ಲೂ ಇಲ್ಲ. ಮೇಲಕ್ಕೆ ದುಂಡುಮಾಡಿದ ಚೀಲ ಗುಣಿಸು 14, ಅದನ್ನು ನೀವೇ ಬರೆಯಬೇಕು. ಗಿಟ್‌ಗೆ ಹಮಾಲಿ ಅಂದರೇನು ಗೊತ್ತಿಲ್ಲ, ನಿಮಗೆ ಗೊತ್ತು. ಅದಕ್ಕೇ ಕೇಳುತ್ತಿದೆ. ಗೊತ್ತಾಗದಿದ್ದರೆ ಅವರಿಗೆ ಒಂದು ಫೋನ್ ಮಾಡಿ, 'ಈ ಸಾಲು ಯಾಕ ಹಿಂಗ ಮಾಡೀರಿ' ಅಂತ ಕೇಳಿ. ಎರಡು ನಿಮಿಷದ ಮಾತು. ಇಲ್ಲಿ ಇನ್ನೊಂದು ಎಚ್ಚರಿಕೆ: ಮರ್ಜ್ ಬದಲು ರೀಬೇಸ್ ಮಾಡುತ್ತಿದ್ದರೆ 'ನಮ್ಮದು' 'ಅವರದು' ಅನ್ನುವುದು ತಿರುಗುಮುರುಗಾಗುತ್ತದೆ. ರೀಬೇಸ್‌ನಲ್ಲಿ ನಿಮ್ಮ ಕಮಿಟ್‌ಗಳನ್ನು ಅವರ ಕಮಿಟ್‌ನ ಮೇಲೆ ಒಂದೊಂದಾಗಿ ಮತ್ತೆ ಹಾಕುತ್ತಾರೆ. ಹಾಗಾಗಿ ಕೆಳಗಿರುವ ಅವರದ್ದೇ 'ನಮ್ಮದು' ಆಗುತ್ತದೆ. ಹೆಸರು ನೋಡಿ ಬಟನ್ ಒತ್ತಬೇಡಿ, ಸಾಲು ಓದಿ ಒತ್ತಿ.

ಹಾಗಾದರೆ ಗಿಟ್‌ನಲ್ಲಿ ಯಾವುದೂ ಕಳೆಯುವುದೇ ಇಲ್ಲವೇ? ಕಳೆಯುತ್ತದೆ. ಕಮಿಟ್ ಮಾಡದೇ ಇದ್ದದ್ದು ಕಳೆಯುತ್ತದೆ. ಕಮಿಟ್ ಆಗದ ಕೆಲಸ ಎಸೆಯುವ ರೀಸೆಟ್ ಹಾರ್ಡ್, ರಿಸ್ಟೋರ್, ಮತ್ತು ಆಡ್ ಮಾಡದ ಹೊಸ ಫೈಲ್ ಅಳಿಸುವ ಕ್ಲೀನ್, ಈ ಮೂರು ಕಮಾಂಡ್ ಹೊಡೆಯುವಾಗ ಕೈ ನಡುಗಿದರೆ ಅದು ಸರಿಯಾದ ನಡುಕ.

ನಮ್ಮ ಆಫೀಸಿನಲ್ಲಿ ಒಮ್ಮೆ ಒಬ್ಬ ಹುಡುಗ ಸಂಜೆ ಏಳು ಗಂಟೆಗೆ ನನ್ನ ಮೇಜಿನ ಹತ್ತಿರ ಬಂದು ನಿಂತ. 'ಎಲ್ಲಾ ಹೋತ್ರಿ ಸರ' ಅಂದ. ಬೆಳಿಗ್ಗೆಯಿಂದ ನಾಲ್ಕು ಫೈಲ್ ಬರೆದಿದ್ದ, ಕಮಿಟ್ ಮಾಡಿರಲಿಲ್ಲ, ರೀಸೆಟ್ ಹಾರ್ಡ್, ಅದರ ಹಿಂದೆಯೇ ಕ್ಲೀನ್ ಹೊಡೆದಿದ್ದ. ನಾನು ಒಂದೇ ಪ್ರಶ್ನೆ ಕೇಳಿದೆ: 'ಆಡ್ ಮಾಡಿದ್ಯೇನು?' ಮಧ್ಯಾಹ್ನ ಒಮ್ಮೆ ಮಾಡಿದ್ದೆ, ಮೂರು ಫೈಲ್ ಅಂದ. ಆಡ್ ಮಾಡಿದ ಕ್ಷಣವೇ ಫೈಲಿನ ಒಳಗಿರುವುದನ್ನು ಗಿಟ್ ತನ್ನ ಉಗ್ರಾಣಕ್ಕೆ ಹಾಕಿಬಿಡುತ್ತದೆ. ಕಮಿಟ್ ಆಗಿಲ್ಲದಿದ್ದರೆ ಅದಕ್ಕೆ ಹೆಸರಿಲ್ಲ, ವಾರಸುದಾರರಿಲ್ಲ, ಆದರೆ ಇರುತ್ತದೆ. ಎಫ್‌ಎಸ್‌ಸಿಕೆ ಎಂಬ ಕಮಾಂಡ್‌ಗೆ ಲಾಸ್ಟ್ ಫೌಂಡ್ ಅಂತ ಸೇರಿಸಿ ಹೊಡೆದೆವು. ಇಪ್ಪತ್ತಕ್ಕೂ ಜಾಸ್ತಿ ಹೆಸರಿಲ್ಲದ ತುಂಡುಗಳು ಬಂದವು. ಫೈಲಿನ ಹೆಸರು ಬೇರೆ ಕಡೆ ಇರುತ್ತದೆ, ಉಗ್ರಾಣದಲ್ಲಿ ಬರೀ ಸರಕು. ಒಂದೊಂದನ್ನೇ ತೆರೆದು ಓದಿದೆವು. ಹುಡುಗ ತನ್ನ ಕೋಡನ್ನು ವೇರಿಯಬಲ್ ಹೆಸರಿನಿಂದ ಗುರುತು ಹಿಡಿಯುತ್ತಾ ಹೋದ. ಒಂಬತ್ತು ಗಂಟೆಗೆ ಮೂರು ಫೈಲ್ ಮಧ್ಯಾಹ್ನ ಇದ್ದ ಸ್ಥಿತಿಯಲ್ಲಿ ಸಿಕ್ಕವು. ನಾಲ್ಕನೆಯದು ಸಿಗಲಿಲ್ಲ. ಅದನ್ನು ಆಡ್ ಮಾಡಿರಲೇ ಇಲ್ಲ, ಗಿಟ್ ಅದನ್ನು ಕಣ್ಣಿಂದ ನೋಡಿರಲೂ ಇಲ್ಲ. ಅವತ್ತಿನಿಂದ ಆ ಹುಡುಗ ಚಹಾಕ್ಕೆ ಏಳುವ ಮುಂಚೆ ಕಮಿಟ್ ಮಾಡುತ್ತಾನೆ. ನೀವೂ ಹಾಗೇ ಮಾಡಿ. ನಿಮ್ಮ ಸ್ವಂತ ಬ್ರಾಂಚ್‌ನಲ್ಲಿ ಅರೆಬೆಂದ ಕೆಲಸವನ್ನೂ ಕಮಿಟ್ ಮಾಡಬಹುದು, ನಾಚಿಕೆ ಬೇಡ, ಹಂಚಿಕೊಳ್ಳುವ ಮುಂಚೆ ಚೊಕ್ಕ ಮಾಡಿದರಾಯಿತು.

ಇದರ ಇನ್ನೊಂದು ಮುಖವೂ ಇದೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ಕಮಿಟ್ ಆಗಿ ಪುಶ್ ಆಯಿತು ಅಂದುಕೊಳ್ಳಿ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಫೋಟೋದಲ್ಲಿ ಅದು ಹಾಗೇ ಇರುತ್ತದೆ. ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿದರೂ ಉಪಯೋಗವಿಲ್ಲ, ಅದು ಇನ್ನೂ ಸೇರಿಸದ ಫೈಲುಗಳಿಗೆ ಮಾತ್ರ. ಮೊದಲು ಪಾಸ್‌ವರ್ಡ್ ಬದಲಿಸಿ, ಉಳಿದದ್ದು ಆಮೇಲೆ.

ತಪ್ಪು ಕಮಿಟ್ ಹಿಂದಕ್ಕೆ ತೆಗೆಯುವ ವಿಚಾರದಲ್ಲಿ ನಿಮ್ಮ ಗ್ರಾಹಕರೇ ನಿಮಗೆ ಗುರುಗಳು. ಅಮರಗೋಳದ ಯಾವುದೇ ಹಳೆಯ ಅಡತ್ ಅಂಗಡಿಯ ಗುಮಾಸ್ತರನ್ನು ಕೇಳಿ. ಕಿರ್ದಿಯಲ್ಲಿ ನಿನ್ನೆ ಬರೆದದ್ದು ತಪ್ಪಾದರೆ ಅವರು ಹಾಳೆ ಹರಿಯುವುದಿಲ್ಲ. ಇವತ್ತಿನ ದಿನಾಂಕ ಹಾಕಿ ಉಲ್ಟಾ ಎಂಟ್ರಿ ಬರೆಯುತ್ತಾರೆ. ತಪ್ಪೂ ಕಾಣುತ್ತದೆ, ತಿದ್ದಿದ್ದೂ ಕಾಣುತ್ತದೆ, ಲೆಕ್ಕ ಕೂಡುತ್ತದೆ. ಗಿಟ್‌ನಲ್ಲಿ ಅದೇ ರಿವರ್ಟ್. ನಾಲ್ಕು ಜನ ಹಂಚಿಕೊಂಡ ಬ್ರಾಂಚ್‌ನಲ್ಲಿ ತಪ್ಪಾದರೆ ರಿವರ್ಟ್ ಮಾಡಿ. ರೀಸೆಟ್, ಅಮೆಂಡ್, ರೀಬೇಸ್ ಇವೆಲ್ಲ ಕಚ್ಚಾ ಪುಸ್ತಕದ ಕೆಲಸ. ಇನ್ನೂ ಪುಶ್ ಮಾಡದ, ನಿಮ್ಮೊಬ್ಬರದೇ ಆದ ಕಮಿಟ್‌ಗಳ ಮೇಲೆ ಎಷ್ಟು ಬೇಕಾದರೂ ಮಾಡಿ.

ಈಗ ನಿಮ್ಮ ಮುಂದಿರುವ ದಾರಿಗಳು.

ಲೀಡ್ ಒಬ್ಬರೇ ಪುಶ್ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಮೂರು ಜನರ ಕೆಲಸ ಅವರ ಹತ್ತಿರ ಕೂಡಿ ಬೀಳುತ್ತದೆ. ಕೂಡಿದಷ್ಟೂ ಮರ್ಜ್ ದೊಡ್ಡದು, ಕಾನ್‌ಫ್ಲಿಕ್ಟ್ ಜಾಸ್ತಿ, ಮತ್ತು ಆ ಸಾಲು ಬರೆದವರಲ್ಲದ ಒಬ್ಬರು ಅದನ್ನು ಬಿಡಿಸಬೇಕು. ಹಮಾಲಿ ಸಾಲನ್ನು ನೆನಪಿಸಿಕೊಳ್ಳಿ. ಅವರು ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋದರೆ ಎಲ್ಲರ ಕೆಲಸ ನಿಲ್ಲುತ್ತದೆ. ಅವರು ಬೇರೆ ಕಂಪನಿಗೆ ಹೋದರಂತೂ ಉಳಿದ ಮೂವರಿಗೂ ಏನೂ ಗೊತ್ತಿರುವುದಿಲ್ಲ.

ಅವರಿಗೆ ಬೇಕಾದದ್ದನ್ನು ಸರ್ವರೇ ಮಾಡಿಕೊಡುತ್ತದೆ. ಮೇನ್ ಬ್ರಾಂಚನ್ನು ರಕ್ಷಿತ ಬ್ರಾಂಚ್ ಮಾಡಿದರೆ ಯಾರು ಫೋರ್ಸ್ ಹಾಕಿದರೂ ನಡೆಯುವುದಿಲ್ಲ. ಗಿಟ್ ಪ್ರಾಜೆಕ್ಟ್‌ಗಳನ್ನು ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಮೂಲ ಬ್ರಾಂಚ್‌ಗೆ ಈ ರಕ್ಷಣೆ ಮೊದಲಿಂದಲೇ ಇರುತ್ತದೆ. ಅಂಥದೇ ತಾಣ ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಗೆ (ಪ್ರಾಜೆಕ್ಟ್‌ಗೆ) ಇದು ಬೇಕಾದರೆ ಹಣ ಕೊಡುವ ಪ್ಲಾನ್ ಬೇಕು. ನಿಮ್ಮದೇ ಸರ್ವರ್ ಆದರೆ ರಿಸೀವ್ ಡಾಟ್ ಡಿನೈ ನಾನ್ ಫಾಸ್ಟ್ ಫಾರ್ವರ್ಡ್ಸ್ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಮುಗಿಯಿತು, ಪೈಸೆ ಖರ್ಚಿಲ್ಲ. ಈ ಮಾತನ್ನು ನಾಳೆಯೇ ನಿಮ್ಮ ಲೀಡ್‌ಗೆ ಹೇಳಿ.

ಫೋರ್ಸ್ ವಿತ್ ಲೀಸ್ ಬಳಸಿದರೆ ಅಪಾಯವಿಲ್ಲ ಅಂತ ಬಹಳ ಕಡೆ ಓದುತ್ತೀರಿ. ಬರೀ ಫೋರ್ಸ್‌ಗಿಂತ ಅದು ಖಂಡಿತ ಮೇಲು. ಆದರೆ ಆ ಶುಕ್ರವಾರ ಅದು ನಿಮ್ಮನ್ನು ತಡೆಯುತ್ತಿರಲಿಲ್ಲ. ಅದು ನೋಡುವುದು ಇಷ್ಟನ್ನೇ: ಸರ್ವರ್‌ನ ಚೀಟಿ ನೀವು ಕೊನೆಯ ಸಲ ಫೆಚ್ ಮಾಡಿದಾಗ ಎಲ್ಲಿತ್ತೋ ಈಗಲೂ ಅಲ್ಲೇ ಇದೆಯೇ? ನೀವು ಆಗ ತಾನೇ ಪುಲ್ ಮಾಡಿದ್ದಿರಿ, ಅಲ್ಲೇ ಇತ್ತು, ಬಿಟ್ಟುಬಿಡುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಬಂದ 2.30ರಿಂದ ಫೋರ್ಸ್ ಇಫ್ ಇನ್‌ಕ್ಲೂಡ್ಸ್ ಎಂಬುದನ್ನೂ ಜೊತೆಗೆ ಸೇರಿಸಬಹುದು. ಸರ್ವರ್‌ನಲ್ಲಿದ್ದ ಕಮಿಟ್ ನಿಮ್ಮ ಬ್ರಾಂಚ್‌ಗೆ ನಿಜವಾಗಿ ಬಂದು ಸೇರಿತ್ತೇ ಅಂತ ಅದು ನೋಡುತ್ತದೆ. ಎರಡೂ ಸೇರಿ ಇದ್ದಿದ್ದರೆ ತಡೆಯುತ್ತಿದ್ದವು. ಆದರೂ ನನ್ನ ಮಾತು ಒಂದೇ, ಹಂಚಿಕೊಂಡ ಬ್ರಾಂಚ್‌ಗೆ ಫೋರ್ಸ್ ಬೇಡವೇ ಬೇಡ.

ಬಟನ್ ಒತ್ತುವ ಟೂಲ್ ಬಳಸುವುದರಲ್ಲಿ ತಪ್ಪೇನೂ ಇಲ್ಲ. ವ್ಯತ್ಯಾಸ ನೋಡಲು, ಒಂದು ಫೈಲಿನ ಕೆಲವೇ ಸಾಲು ಆರಿಸಿ ಕಮಿಟ್ ಮಾಡಲು ನಾನೂ ಅದನ್ನೇ ಬಳಸುತ್ತೇನೆ. ಎರಡು ಬಟನ್ ಬಗ್ಗೆ ಮಾತ್ರ ಎಚ್ಚರ. ಕೋಡ್ ಬರೆಯುವ ಸಾಧನ ವಿಎಸ್ ಕೋಡ್‌ನ ಸಿಂಕ್ ಬಟನ್ ಪುಲ್ ಮತ್ತು ಪುಶ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ನಡುವೆ ನಿಂತು ನೋಡಲು ಬಿಡುವುದಿಲ್ಲ. ಡಿಸ್ಕಾರ್ಡ್ ಬಟನ್ ಕಮಿಟ್ ಆಗದ ಕೆಲಸವನ್ನು ಎಸೆಯುತ್ತದೆ. ಒಮ್ಮೆ ಕೇಳುತ್ತದೆ, ಆದರೆ ಅವಸರದಲ್ಲಿ ಎಲ್ಲರೂ ಯೆಸ್ ಒತ್ತುತ್ತಾರೆ.

ಎಐ ಕೇಳಿ ಕಮಾಂಡ್ ತೆಗೆದುಕೊಳ್ಳುವುದೂ ಈಗ ಎಲ್ಲರ ರೂಢಿ. ಕೇಳಿ, ಆದರೆ ಹೊಡೆಯುವ ಮುಂಚೆ ನಿಮಗೆ ನೀವೇ ಒಂದು ಉತ್ತರ ಕೊಡಿ: ಇದರಿಂದ ಯಾವ ಚೀಟಿ ಎಲ್ಲಿಗೆ ಹೋಗುತ್ತದೆ? ಕಮಿಟ್ ಆಗದ ನನ್ನ ಕೆಲಸ ಏನಾಗುತ್ತದೆ? ಉತ್ತರ ಬರದಿದ್ದರೆ ಹೊಡೆಯಬೇಡಿ. ಆ ಶುಕ್ರವಾರ ನೆಟ್‌ನಲ್ಲಿ ಸಿಕ್ಕ ಉತ್ತರವೂ ಕಮಾಂಡ್ ಆಗಿ ಸರಿಯೇ ಇತ್ತು. ನಿಮ್ಮ ಪರಿಸ್ಥಿತಿಗೆ ಸರಿ ಇರಲಿಲ್ಲ.

ಎಷ್ಟು ಕಲಿಯಬೇಕು ಅಂದಿರಿ. ನೂರಾರು ಕಮಾಂಡ್ ಬೇಡ. ಮುಂದಿನ ಭಾನುವಾರ ಎರಡು ಗಂಟೆ ಕೊಡಿ. ಲ್ಯಾಪ್‌ಟಾಪ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಇನಿಟ್ ಜೊತೆ ಬೇರ್ ಸೇರಿಸಿ ಹೊಡೆದು ಅದನ್ನೇ ಸರ್ವರ್ ಮಾಡಿಕೊಳ್ಳಿ. ಇಂಟರ್ನೆಟ್ಟೂ ಬೇಡ, ಗಿಟ್‌ಹಬ್ಬೂ ಬೇಡ, ಗಿಟ್ ಬೇರೆ ಗಿಟ್‌ಹಬ್ ಬೇರೆ. ಅದರಿಂದ ಎರಡು ಕ್ಲೋನ್ ಮಾಡಿ, ಒಂದಕ್ಕೆ ಹುಬ್ಬಳ್ಳಿ, ಇನ್ನೊಂದಕ್ಕೆ ಧಾರವಾಡ ಅಂತ ಹೆಸರಿಡಿ. ಈಗ ಇಬ್ಬರ ಪಾತ್ರವನ್ನೂ ನೀವೇ ಮಾಡಿ. ಎರಡೂ ಕಡೆ ಒಂದೇ ಸಾಲು ಬದಲಿಸಿ ಕಾನ್‌ಫ್ಲಿಕ್ಟ್ ಬರಿಸಿ. ಬಿಡಿಸಿ. ಹುಬ್ಬಳ್ಳಿಯಿಂದ ಬೇಕೆಂದೇ ಫೋರ್ಸ್ ಪುಶ್ ಮಾಡಿ ಧಾರವಾಡದ ಕೆಲಸ ಕಳೆಯಿರಿ. ಆಮೇಲೆ ವಾಪಸ್ ತನ್ನಿ. ಪ್ರತಿ ಹೆಜ್ಜೆಗೂ ಗಿಟ್ ಲಾಗ್‌ಗೆ ಒನ್‌ಲೈನ್, ಗ್ರಾಫ್, ಆಲ್ ಈ ಮೂರೂ ಸೇರಿಸಿ ಹೊಡೆದು ಚೀಟಿ ಎಲ್ಲಿ ಹೋಯಿತು ನೋಡಿ. ಹಾಳೆಯ ಮೇಲೆ ಗುಂಡು ಬರೆದುಕೊಳ್ಳಿ. ಆಮೇಲೆ ಆಫೀಸಿನಲ್ಲಿ ಪುಲ್ ಬದಲು ಮೊದಲು ಫೆಚ್ ಮಾಡಿ, ಅದೇ ಲಾಗ್ ನೋಡಿ, ಆಮೇಲೆ ಮರ್ಜ್ ಮಾಡುವ ರೂಢಿ ಹಾಕಿಕೊಳ್ಳಿ.

ಅದಕ್ಕೂ ಮುಂಚೆ ಒಂದು ಕೆಲಸ. ಶುಕ್ರವಾರದ ಆ ಫೋಲ್ಡರನ್ನು ನೀವು ಇನ್ನೂ ಅಳಿಸಿಲ್ಲವಾದರೆ ಇವತ್ತು ರಾತ್ರಿ ಅದನ್ನು ತೆರೆಯಿರಿ. ಮೂರು ವಾರ ಅಂದಿರಿ, ಇನ್ನೂ ಸಮಯ ಇದೆ. ಟರ್ಮಿನಲ್‌ನಲ್ಲಿ ಗಿಟ್ ರೀಫ್‌ಲಾಗ್ ಶೋ ಅಂತ ಬರೆದು, ಮುಂದೆ ಒರಿಜಿನ್, ಒಂದು ಓರೆಗೆರೆ, ಮೇನ್ ಅಂತ ಹೊಡೆಯಿರಿ. ಮೇಲಿನಿಂದ ಕೆಳಗೆ ಓದುತ್ತಾ ಹೋಗಿ, ಶುಕ್ರವಾರದ ನಿಮ್ಮ ಪುಶ್ ಒಂದು ಸಾಲಾಗಿ ಕಾಣುತ್ತದೆ. ಅದರ ಕೆಳಗಿನ ಸಾಲಿನ ಶುರುವಿನಲ್ಲಿರುವ ಗುರುತನ್ನು ಕಾಪಿ ಮಾಡಿ, ಗಿಟ್ ಶೋ ಅಂತ ಬರೆದು ಅದನ್ನು ಹಾಕಿ. ನಿಮ್ಮ ಸಹೋದ್ಯೋಗಿಯ ಹೆಸರು, ಅವರು ಬರೆದ ಸಾಲುಗಳು ತೆರೆಯ ಮೇಲೆ ಬರುತ್ತವೆ.